ನಮ್ಮದೇ ಗ್ಯಾಸ್, ನಮ್ಮದೇ ಕರೆಂಟ್: ಆದರೂ ಬಿಲ್ ಯಾಕೆ ಇಳಿಯುವುದಿಲ್ಲ?

ಓದುಗರ ಪ್ರಶ್ನೆ: ನಾನು ಮಧ್ಯಮ ಗಾತ್ರದ ಒಂದು ಫೌಂಡ್ರಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ನಡೆಸುತ್ತೇನೆ. ವಿದ್ಯುತ್ತಿನಿಂದ ನಡೆಯುವ ಇಂಡಕ್ಷನ್ ಫರ್ನೇಸ್‌ನಲ್ಲಿ ದಿನಕ್ಕೆ ಸುಮಾರು 10 ಟನ್ ಕಬ್ಬಿಣ ಕರಗಿಸುತ್ತೇವೆ, ಹೆಚ್ಚಾಗಿ ರಾತ್ರಿ ಪಾಳಿಯಲ್ಲಿ. ಎರಕಗಳನ್ನು ಮತ್ತೆ ಕಾಯಿಸಿ ಹದಗೊಳಿಸುವ ಹೀಟ್ ಟ್ರೀಟ್‌ಮೆಂಟ್‌ಗೆ ಗ್ಯಾಸ್ ಕುಲುಮೆ ಇದೆ. ಆರು ವರ್ಷದ ಹಿಂದೆ ಆಗಿನ ಸರ್ಕಾರ ಗ್ಯಾಸ್‌ಗೆ ಬನ್ನಿ ಎಂದು ಪ್ರೋತ್ಸಾಹ ಕೊಟ್ಟಿತ್ತು. ಸಾಲ ಮಾಡಿ ಎಣ್ಣೆ ಕುಲುಮೆ ತೆಗೆಸಿ ಗ್ಯಾಸ್ ಹಾಕಿಸಿದೆ. ಆಮೇಲೆ ಗ್ಯಾಸ್ ದರ ದುಪ್ಪಟ್ಟಾಯಿತು. ಈಗಿನ ಸರ್ಕಾರ ಸೋಲಾರ್ ಎನ್ನುತ್ತಿದೆ. ನಮ್ಮ ಉದ್ಯಮಿಗಳ ಸಂಘದವರು ‘ದೇಶದೊಳಗೇ ಇಂಧನ ಉತ್ಪಾದನೆ ಹೆಚ್ಚಾದರೆ ದರ ತಾನಾಗಿ ಇಳಿಯುತ್ತದೆ, ಈ ಮನವಿಗೆ ಸಹಿ ಹಾಕಿ’ ಎನ್ನುತ್ತಿದ್ದಾರೆ. ಇನ್ನೊಂದು ಕಡೆ 15 ವರ್ಷದ ವಿದ್ಯುತ್ ಖರೀದಿ ಕರಾರು ಮಾಡಿಕೊಳ್ಳಿ ಎಂದು ಒಂದು ಕಂಪನಿಯವರು ಬೆನ್ನು ಬಿದ್ದಿದ್ದಾರೆ. ಸಹಿ ಹಾಕಲೇ? ಸೋಲಾರ್ ಹಾಕಿಸಲೇ? ಮುಂದಿನ ಚುನಾವಣೆಯಲ್ಲಿ ಎಲ್ಲ ತಲೆಕೆಳಗಾದರೆ? ಸುಮ್ನೆ ಕಾಯುವುದೇ ಒಳ್ಳೆಯದಾ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲ್ನೋಟಕ್ಕೆ ನೀವು ಕೇಳಿರುವುದು ಸಹಿ, ಸೋಲಾರ್, ಕರಾರುಗಳ ಬಗ್ಗೆ. ಒಳಗಿರುವ ಆತಂಕ ಬೇರೆ. ಒಂದು ಸಲ ಸರ್ಕಾರದ ಮಾತು ನಂಬಿ ಕೈ ಸುಟ್ಟುಕೊಂಡಿದ್ದೀರಿ. ಮತ್ತೆ ಹಾಗೇ ಆಗಬಾರದು ಅಂತ ಹೆದರಿದ್ದೀರಿ. ಕಾರ್ಖಾನೆಗಳಿಗೆ ಇಂಧನ ಖರೀದಿಯ ಸಲಹೆ ಕೊಡುವ ಕೆಲಸದಲ್ಲಿ ನಾನು 20 ವರ್ಷಕ್ಕೂ ಜಾಸ್ತಿ ಕಳೆದಿದ್ದೇನೆ. ಈ ಹೆದರಿಕೆಯಿಂದಲೇ ಏನೂ ಮಾಡದೆ ಕುಳಿತು, ಪ್ರತಿ ತಿಂಗಳೂ ಹಣ ಸೋರಿಸಿಕೊಂಡ ಮಾಲೀಕರನ್ನು ಬಹಳ ನೋಡಿದ್ದೇನೆ. ಹಾಗಾಗಿ ಮೊದಲು ಸಂಘದ ಮಾತನ್ನು ಬಿಡಿಸಿ ನೋಡೋಣ.

‘ದೇಶದೊಳಗೆ ಉತ್ಪಾದನೆ ಹೆಚ್ಚಾದರೆ ದರ ಇಳಿಯುತ್ತದೆ.’ ಕೇಳಲು ಸರಿ ಅನಿಸುತ್ತದೆ, ಅಲ್ವಾ? ನಮ್ಮ ಬಾವಿಯಲ್ಲಿ ನೀರು ಜಾಸ್ತಿ ಇದ್ದರೆ ನಮಗೆ ನೀರು ಅಗ್ಗ. ಆದರೆ ಬಾವಿ ಯಾರದು, ಆ ನೀರನ್ನು ಹೊರಗೆ ಮಾರಲು ದಾರಿ ಇದೆಯಾ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಅಮೆರಿಕವನ್ನು ನೋಡಿ. 2018ರಿಂದ ಕಚ್ಚಾ ತೈಲ ಉತ್ಪಾದನೆಯಲ್ಲಿ ಅದು ಜಗತ್ತಿಗೇ ಮೊದಲು. ಆದರೂ ರಷ್ಯಾ ಉಕ್ರೇನ್ ಮೇಲೆ ಯುದ್ಧಕ್ಕೆ ಹೋದ ಕೆಲವೇ ತಿಂಗಳಲ್ಲಿ, 2022ರ ಜೂನ್‌ನಲ್ಲಿ, ಅಲ್ಲಿ ಪೆಟ್ರೋಲಿನ ಸರಾಸರಿ ಬೆಲೆ ಗ್ಯಾಲನ್‌ಗೆ 5 ಡಾಲರ್ ದಾಟಿತು. ಯಾಕೆಂದರೆ ತೈಲವನ್ನು ಹಡಗಿಗೆ ತುಂಬಿ ಎಲ್ಲಿಗೆ ಬೇಕಾದರೂ ಕಳಿಸಬಹುದು. ಹೊರಗೆ ಹೆಚ್ಚು ಬೆಲೆ ಸಿಗುತ್ತಿರುವಾಗ ಯಾವ ತೈಲ ಕಂಪನಿಯೂ ಊರಿನವರಿಗೆ ಕಡಿಮೆಗೆ ಕೊಡುವುದಿಲ್ಲ. ಇನ್ನೊಂದು ವಿಷಯವೂ ಇದೆ. ಆ ದೇಶದಲ್ಲಿ ಹೊಸದಾಗಿ ಸಿಗುವ ತೈಲ ಹೆಚ್ಚಾಗಿ ತಿಳಿಯಾದದ್ದು. ಆದರೆ ಅನೇಕ ರಿಫೈನರಿಗಳು ದಪ್ಪ ತೈಲಕ್ಕೆ ತಕ್ಕಂತೆ ಕಟ್ಟಿದವು. ಹಾಗಾಗಿ ಅಷ್ಟು ಉತ್ಪಾದಿಸಿಯೂ ದಿನಕ್ಕೆ 60 ಲಕ್ಷ ಬ್ಯಾರೆಲ್‌ಗಿಂತ ಹೆಚ್ಚು ಕಚ್ಚಾ ತೈಲವನ್ನು ಆ ದೇಶ ಹೊರಗಿನಿಂದ ತರಿಸುತ್ತದೆ.

ಗ್ಯಾಸ್ ಕಥೆ ಸ್ವಲ್ಪ ಬೇರೆ. ನಿಮಗೆ ತೀರಾ ಸಂಬಂಧಪಟ್ಟದ್ದೂ ಇದೇ. ಗ್ಯಾಸ್ ಸುಲಭವಾಗಿ ಪ್ರಯಾಣ ಮಾಡುವುದಿಲ್ಲ. ಪೈಪ್‌ಲೈನ್ ಬೇಕು, ಇಲ್ಲವೇ ಮೈನಸ್ 160 ಡಿಗ್ರಿಗೆ ತಣಿಸಿ ದ್ರವ ಮಾಡಿ ಹಡಗಿಗೆ ಹಾಕಬೇಕು. ಆ ದಾರಿ ಇಲ್ಲದಿದ್ದರೆ ಊರಿನ ಗ್ಯಾಸ್ ಊರಿನಲ್ಲೇ ಉಳಿಯುತ್ತದೆ, ದರವೂ ಕಡಿಮೆ ಇರುತ್ತದೆ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಹಾಗೇ ಇತ್ತು. 2015ರ ಹೊತ್ತಿಗೆ ಗ್ಲಾಡ್‌ಸ್ಟೋನ್ ಬಂದರಿನಲ್ಲಿ ರಫ್ತು ಘಟಕಗಳು ಶುರುವಾದವು. ಗ್ಯಾಸ್ ಉತ್ಪಾದನೆ ಭಾರೀ ಹೆಚ್ಚಿತು. ಜೊತೆಗೆ ಅಲ್ಲಿನ ಕಾರ್ಖಾನೆಗಳು ಕೊಡುವ ದರವೂ ಹೆಚ್ಚಿತು, ಎಷ್ಟೋ ಕಡೆ ದುಪ್ಪಟ್ಟು. ಯಾಕೆಂದರೆ ಈಗ ಅವರು ಏಷ್ಯಾದ ಖರೀದಿದಾರರ ಜೊತೆ ಪೈಪೋಟಿಗೆ ಇಳಿಯಬೇಕಾಯಿತು. ಕೊನೆಗೆ 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಗಿಗಾಜೂಲ್‌ಗೆ (ಗ್ಯಾಸ್‌ನ ಶಾಖ ಅಳೆಯುವ ಮಾನ) 12 ಆಸ್ಟ್ರೇಲಿಯನ್ ಡಾಲರ್ ಎಂದು ಮಿತಿ ಹಾಕಬೇಕಾಯಿತು. ಅದೇ ದೇಶದ ಪಶ್ಚಿಮ ರಾಜ್ಯ ಮಾತ್ರ 2006ರಲ್ಲೇ ರಫ್ತು ಮಾಡುವ ಗ್ಯಾಸ್‌ನ 15 ಶೇಕಡಾದಷ್ಟನ್ನು ಒಳಗಿನ ಬಳಕೆಗೆ ಮೀಸಲಿಡಬೇಕು ಅಂತ ನಿಯಮ ಮಾಡಿತ್ತು. ಅಲ್ಲಿ ಇಷ್ಟು ತಾಪತ್ರಯ ಆಗಲಿಲ್ಲ.

ಇದರ ತದ್ವಿರುದ್ಧ ಉದಾಹರಣೆ ಇನ್ನೂ ಸ್ಪಷ್ಟ. 2022ರ ಜೂನ್ 8ರಂದು ಅಮೆರಿಕದ ಫ್ರೀಪೋರ್ಟ್ ಎಂಬಲ್ಲಿನ ದೊಡ್ಡ ಗ್ಯಾಸ್ ರಫ್ತು ಘಟಕದಲ್ಲಿ ಸ್ಫೋಟವಾಗಿ ಕೆಲಸ ನಿಂತಿತು. ಯುರೋಪಿನಲ್ಲಿ ಗ್ಯಾಸ್ ದರ ಏರಿತು, ಅಮೆರಿಕದ ಒಳಗೆ ಇಳಿಯಿತು. ನೆಲದಡಿಯ ಗ್ಯಾಸ್ ಒಂದು ಹನಿಯೂ ಹೆಚ್ಚಾಗಿರಲಿಲ್ಲ. ಹೊರಗೆ ಹೋಗುವ ಬಾಗಿಲು ಮುಚ್ಚಿತ್ತು, ಅಷ್ಟೇ.

ಹಾಗಾದರೆ ದೇಶದೊಳಗಿನ ಉತ್ಪಾದನೆಯಿಂದ ಪ್ರಯೋಜನ ಇಲ್ಲವಾ? ಖಂಡಿತ ಇದೆ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ತಡೆಹಿಡಿದಾಗ ಬ್ಯಾರೆಲ್‌ಗೆ 3 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯಿತು. ಎಷ್ಟೋ ಕಡೆ ದುಡ್ಡು ಕೊಟ್ಟರೂ ಇಂಧನ ಸಿಗದೆ ಸಾಲು ನಿಲ್ಲಬೇಕಾಯಿತು. ಮರುವರ್ಷವೇ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹುಟ್ಟಿತು. ತೈಲ ಆಮದು ಮಾಡುವ ಸದಸ್ಯ ದೇಶಗಳು 90 ದಿನದ ಆಮದಿನಷ್ಟು ತೈಲ ದಾಸ್ತಾನು ಇಟ್ಟುಕೊಳ್ಳಬೇಕು ಅನ್ನುವ ನಿಯಮ ಬಂತು. ಒಳಗಿನ ಉತ್ಪಾದನೆ ಇಂಥ ಕಷ್ಟಕ್ಕೆ ಆಗುತ್ತದೆ. ಇಂಧನವೇ ಸಿಗದ ಸ್ಥಿತಿ ಬರುವುದಿಲ್ಲ. ಕೆಲಸ, ತೆರಿಗೆ, ವಿದೇಶಿ ವಿನಿಮಯ ಎಲ್ಲ ಒಳಗೇ ಉಳಿಯುತ್ತವೆ. ಇವು ಸಣ್ಣ ಲಾಭಗಳಲ್ಲ. ಆದರೆ ‘ಸಿಗುತ್ತದೆ’ ಅನ್ನುವುದು ಬೇರೆ, ‘ಅಗ್ಗಕ್ಕೆ ಸಿಗುತ್ತದೆ’ ಅನ್ನುವುದು ಬೇರೆ. ಸಂಘದ ಮನವಿ ಇವೆರಡನ್ನೂ ಕಲಸಿಬಿಟ್ಟಿದೆ.

ಸಿಗುವ ಖಾತ್ರಿಯೂ ಪೂರ್ತಿ ಖಾತ್ರಿಯಲ್ಲ ಅನ್ನುವುದು ನೆನಪಿರಲಿ. ಅಮೆರಿಕದಲ್ಲಿ ಅತಿ ಹೆಚ್ಚು ಗ್ಯಾಸ್ ತೆಗೆಯುವ ರಾಜ್ಯ ಟೆಕ್ಸಾಸ್. 2021ರ ಫೆಬ್ರವರಿಯ ಚಳಿಯಲ್ಲಿ ಅದೇ ರಾಜ್ಯದ ಬಾವಿಗಳು, ಪೈಪುಗಳು, ವಿದ್ಯುತ್ ಘಟಕಗಳು ಹೆಪ್ಪುಗಟ್ಟಿದವು. ಲಕ್ಷಾಂತರ ಮನೆಗಳಲ್ಲಿ ದಿನಗಟ್ಟಲೆ ಕತ್ತಲೆ. ಸಗಟು ಮಾರುಕಟ್ಟೆಯಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಬೆಲೆ ಗರಿಷ್ಠ ಮಿತಿಯಾದ 9 ಡಾಲರ್ ಮುಟ್ಟಿತು. ನೆದರ್ಲೆಂಡ್ಸ್‌ನ ಗ್ರೋನಿಂಗೆನ್ ಯುರೋಪಿನಲ್ಲೇ ದೊಡ್ಡ ಗ್ಯಾಸ್ ನಿಕ್ಷೇಪ, 1959ರಲ್ಲಿ ಸಿಕ್ಕಿದ್ದು. ಗ್ಯಾಸ್ ತೆಗೆದು ತೆಗೆದು ನೆಲ ನಡುಗತೊಡಗಿತು, ಮನೆಗಳು ಬಿರುಕು ಬಿಟ್ಟವು. 2022ರಲ್ಲಿ ಗ್ಯಾಸ್ ದರ ಆಕಾಶಕ್ಕೇರಿದಾಗಲೂ ಸರ್ಕಾರ ಅಲ್ಲಿ ಉತ್ಪಾದನೆ ಹೆಚ್ಚಿಸಲಿಲ್ಲ. 2023ರ ಅಕ್ಟೋಬರ್ 1ಕ್ಕೆ ನಿಲ್ಲಿಸಿಯೇ ಬಿಟ್ಟಿತು. ಅಲ್ಲಿ ವಾಸ ಮಾಡುವ ಜನರ ಕಡೆಯಿಂದ ನೋಡಿದರೆ ಅದು ಸರಿಯಾದ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ. ಆದರೆ ಆ ಗ್ಯಾಸ್ ನಂಬಿ ಕುಲುಮೆ ಹಾಕಿದವರಿಗೆ ಅದು ನೀತಿಯ ಬದಲಾವಣೆಯೇ.

ಮನವಿಗೆ ಸಹಿ ಹಾಕುವ ಮುಂಚೆ ಸಂಘದ ಪದಾಧಿಕಾರಿಗಳಲ್ಲಿ ಯಾರು ಇಂಧನ ಮಾರುವವರು, ಯಾರು ಕೊಳ್ಳುವವರು ಅಂತ ನೋಡಿ. ‘ಉದ್ಯಮದ ಅಭಿಪ್ರಾಯ’ ಅಂತ ಒಂದೇ ಇರುವುದಿಲ್ಲ. 2013ರಲ್ಲಿ ಅಮೆರಿಕದಲ್ಲಿ ಗ್ಯಾಸ್ ರಫ್ತಿನ ಚರ್ಚೆ ಎದ್ದಾಗ ಇದು ಚೆನ್ನಾಗಿ ಕಂಡಿತು. ತೈಲ, ಗ್ಯಾಸ್ ಕಂಪನಿಗಳು ರಫ್ತು ಬೇಕು ಎಂದವು. ರಾಸಾಯನಿಕ ಮಾಡುವ ಡೌ, ಅಲ್ಯೂಮಿನಿಯಂ ಮಾಡುವ ಅಲ್ಕೋವಾ, ಉಕ್ಕು ಮಾಡುವ ನ್ಯೂಕೋರ್ ಸೇರಿ ಮಿತಿಯಿಲ್ಲದ ರಫ್ತು ಬೇಡ ಎಂದು ಕೂಟವನ್ನೇ ಕಟ್ಟಿದವು. ಇಬ್ಬರೂ ಉದ್ಯಮಿಗಳೇ, ಇಬ್ಬರೂ ದೇಶದ ಹಿತ ಎಂದೇ ಹೇಳಿದರು. ನೀವು ಡೌ, ನ್ಯೂಕೋರ್ ಇರುವ ಸಾಲಿನವರು. ನಿಮ್ಮ ಸಂಘದ ಮನವಿಯಲ್ಲಿ ರಫ್ತಿನ ಬಗ್ಗೆ, ಪೈಪ್‌ಲೈನ್ ಬಗ್ಗೆ, ಒಳಗಿನ ಬಳಕೆಗೆ ಮೀಸಲಿಡುವ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ಆ ಮನವಿ ನಿಮ್ಮದಲ್ಲ.

ಸರ್ಕಾರದಿಂದ ಏನು ಕೇಳಬೇಕು ಅಂತ ನನ್ನನ್ನು ಕೇಳಿದರೆ, ಅಗ್ಗದ ದರಕ್ಕಿಂತ ಮೊದಲು ಸ್ಥಿರತೆ ಕೇಳಿ ಎನ್ನುತ್ತೇನೆ. ಇದು ಒಣ ಮಾತಲ್ಲ, ಇದರಲ್ಲಿ ಲೆಕ್ಕ ಇದೆ. ಗ್ಯಾಸ್ ಘಟಕದಲ್ಲಿ ದೊಡ್ಡ ಖರ್ಚು ಇಂಧನ. ಸೋಲಾರ್, ಗಾಳಿ, ಜಲ, ಅಣು ವಿದ್ಯುತ್ತಿನಲ್ಲಿ ದೊಡ್ಡ ಖರ್ಚು ಮೊದಲು ಹಾಕುವ ಬಂಡವಾಳ. ಅಂದರೆ ಇವುಗಳಿಗೆ ಬಡ್ಡಿಯೇ ಇಂಧನ ಇದ್ದ ಹಾಗೆ. 100 ಹೂಡಿ 20 ವರ್ಷದಲ್ಲಿ ತೀರಿಸಬೇಕು ಅಂದುಕೊಳ್ಳಿ. ಬಡ್ಡಿ 5 ಶೇಕಡಾ ಇದ್ದರೆ ವರ್ಷಕ್ಕೆ ಸುಮಾರು 8 ಕಟ್ಟಬೇಕು. ಬಡ್ಡಿ 10 ಶೇಕಡಾ ಆದರೆ ಹೆಚ್ಚುಕಡಿಮೆ 11.75. ಅದೇ ಪ್ಯಾನೆಲ್, ಅದೇ ಬಿಸಿಲು, ಕಂತು ಮಾತ್ರ 46 ಶೇಕಡಾ ಜಾಸ್ತಿ. ನಾಳೆ ಸರ್ಕಾರ ಮಾತು ಬದಲಿಸಬಹುದು ಅನ್ನುವ ಅನುಮಾನ ಬ್ಯಾಂಕಿಗೆ ಬಂದರೆ ಬಡ್ಡಿ ಏರುತ್ತದೆ. ಆ ಏರಿಕೆ ಕೊನೆಗೆ ಬಂದು ಕೂರುವುದು ನಿಮ್ಮ ಯೂನಿಟ್ ದರದ ಮೇಲೆ.

ಮಾತು ಬದಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಅಮೆರಿಕದ ಗಾಳಿ ವಿದ್ಯುತ್ತಿನ ತೆರಿಗೆ ರಿಯಾಯಿತಿ 2012ರ ಕೊನೆಗೆ ಮುಗಿಯುವುದರಲ್ಲಿತ್ತು. ಎಲ್ಲರೂ ಓಡೋಡಿ ಆ ವರ್ಷ ಸುಮಾರು 13,000 ಮೆಗಾವ್ಯಾಟ್ ಕಟ್ಟಿದರು. ಮರುವರ್ಷ ಕಟ್ಟಿದ್ದು 1,000 ಮೆಗಾವ್ಯಾಟ್ ಆಸುಪಾಸು. ರಿಯಾಯಿತಿಯನ್ನು 2013ರ ಜನವರಿಯಲ್ಲೇ ಮುಂದುವರಿಸಿದ್ದರು. ಆದರೆ ಅಷ್ಟರಲ್ಲಿ ಆರ್ಡರ್‌ಗಳೇ ಒಣಗಿದ್ದವು. ಸ್ಪೇನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2007ರಲ್ಲಿ ಸೋಲಾರ್‌ಗೆ ಒಳ್ಳೆಯ ದರದ ಭರವಸೆ ಕೊಟ್ಟು, ಆಮೇಲೆ 2013ರ ಹೊತ್ತಿಗೆ ಆಗಲೇ ಕಟ್ಟಿ ಮುಗಿಸಿದವರಿಗೂ ಅದನ್ನು ಕಿತ್ತುಕೊಂಡಿತು. ಹೂಡಿಕೆದಾರರು ಹತ್ತಾರು ಮೊಕದ್ದಮೆ ಹಾಕಿದರು. ತೈಲದವರೂ ಇದೇ ದೂರು ಹೇಳುತ್ತಾರೆ. ಬ್ರಿಟನ್ 2022ರ ಮೇ ತಿಂಗಳಲ್ಲಿ ತೈಲ, ಗ್ಯಾಸ್ ಲಾಭದ ಮೇಲೆ 25 ಶೇಕಡಾ ಹೆಚ್ಚುವರಿ ತೆರಿಗೆ ಹಾಕಿತು. 2023ರ ಜನವರಿಯಲ್ಲಿ 35 ಮಾಡಿತು, 2024ರ ನವೆಂಬರ್‌ನಲ್ಲಿ 38. ತೆರಿಗೆ ಸರಿಯೋ ತಪ್ಪೋ ಬೇರೆ ಮಾತು. ಎರಡೂವರೆ ವರ್ಷದಲ್ಲಿ ಮೂರು ಸಲ ಬದಲಾದರೆ 20 ವರ್ಷದ ಯೋಜನೆ ಹಾಕುವವರು ಏನು ಮಾಡಬೇಕು?

ಈಗ ನಿಮ್ಮ ಕಾರ್ಖಾನೆಗೆ ಬರೋಣ.

ಸೋಲಾರ್ ಬಗ್ಗೆ ಮೊದಲು, ಯಾಕೆಂದರೆ ಅಲ್ಲಿ ನಿಮಗೆ ಯಾರೋ ತಪ್ಪು ಲೆಕ್ಕ ತೋರಿಸಿದ್ದಾರೆ ಅನಿಸುತ್ತದೆ. ಒಂದು ಟನ್ ಕಬ್ಬಿಣ ಕರಗಿಸಲು ಚೆನ್ನಾಗಿ ನಡೆಯುವ ಇಂಡಕ್ಷನ್ ಫರ್ನೇಸ್‌ಗೆ ಸುಮಾರು 600 ಯೂನಿಟ್ ಬೇಕು. 10 ಟನ್‌ಗೆ 6,000. ಒಳ್ಳೆಯ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ 4 ಯೂನಿಟ್ ಕೊಡುತ್ತದೆ ಅಂದುಕೊಂಡರೂ 1,500 ಕಿಲೋವ್ಯಾಟ್ ಬೇಕು. ಓಡಾಡುವ ಜಾಗ ಸೇರಿ ಅದಕ್ಕೆ 10,000 ಚದರ ಮೀಟರ್‌ಗಿಂತ ಜಾಸ್ತಿ ಚಾವಣಿ ಬೇಕು. ಅಷ್ಟೂ ಇದ್ದರೂ, ನೀವು ಕರಗಿಸುವುದು ರಾತ್ರಿ. ಸೂರ್ಯ ಇರುವಾಗ ನಿಮ್ಮಲ್ಲಿ ಓಡುವುದು ಅಚ್ಚಿಗೆ ಮರಳು ಸಿದ್ಧಮಾಡುವ ಘಟಕ, ಕಂಪ್ರೆಸರ್, ಗ್ರೈಂಡಿಂಗ್, ಫ್ಯಾನ್‌ಗಳು. ಸೋಲಾರ್ ಆ ಲೋಡ್‌ಗೆ ತಕ್ಕಷ್ಟಿರಲಿ, ಅದಕ್ಕಿಂತ ದೊಡ್ಡದು ಬೇಡ.

ಕಾರಣ ಇಷ್ಟೇ. ನೀವು ಒಳಗೇ ಬಳಸಿದ ಸೋಲಾರ್ ಯೂನಿಟ್ ಬಹುಮಟ್ಟಿಗೆ ನಿಮ್ಮ ಕೈಯಲ್ಲಿರುತ್ತದೆ. ಗ್ರಿಡ್‌ಗೆ, ಅಂದರೆ ಹೊರಗಿನ ವಿದ್ಯುತ್ ಜಾಲಕ್ಕೆ, ಕಳಿಸಿದ ಯೂನಿಟ್‌ನ ಬೆಲೆ ನಿರ್ಧರಿಸುವುದು ಸರ್ಕಾರ. ಕ್ಯಾಲಿಫೋರ್ನಿಯಾದಲ್ಲಿ 2023ರ ಏಪ್ರಿಲ್‌ನಿಂದ ಹೊಸದಾಗಿ ಸೇರುವವರಿಗೆ ಆ ಬೆಲೆಯನ್ನು ಸರಾಸರಿ ಮುಕ್ಕಾಲು ಭಾಗ ಕಡಿತ ಮಾಡಿದರು. ಮೊದಲೇ ಹಾಕಿಸಿದ್ದವರನ್ನು ಹಳೆಯ ನಿಯಮದಲ್ಲೇ ಬಿಟ್ಟರು. ಸ್ಪೇನ್‌ನ ಹಾಗೆ ಮಾಡಲಿಲ್ಲ. ಆದರೆ ನಿಮ್ಮಲ್ಲಿ ಯಾವ ರೀತಿ ಆಗುತ್ತದೆ ಅಂತ ಪಣ ಕಟ್ಟಬೇಡಿ. ಸಬ್ಸಿಡಿಯನ್ನು ಪೂರ್ತಿ ತೆಗೆದು ಲೆಕ್ಕ ಹಾಕಿ ನೋಡಿ. ಆಗಲೂ ಹಣ ವಾಪಸ್ ಬರುವುದಾದರೆ ಹಾಕಿಸಿ. ಸಬ್ಸಿಡಿ ಬಂದರೆ ಮಾತ್ರ ನಿಲ್ಲುವ ಯೋಜನೆ ನಿಮಗೆ ಬೇಡ. ಗ್ಯಾಸ್ ಕುಲುಮೆಯಲ್ಲಿ ಆದದ್ದೂ ಅದೇ ತಾನೇ.

ದರದ ವೇಳೆಯನ್ನೂ ಗಮನಿಸಿ. ಸೋಲಾರ್ ಹೆಚ್ಚಾದ ಗ್ರಿಡ್‌ಗಳಲ್ಲಿ ಮಧ್ಯಾಹ್ನದ ಕರೆಂಟ್ ಅಗ್ಗವಾಗುತ್ತಾ, ಸಂಜೆಯದು ದುಬಾರಿಯಾಗುತ್ತಾ ಬಂದಿದೆ. ರಾತ್ರಿ ಪಾಳಿ ಅಗ್ಗ ಅನ್ನುವ ಹಳೆಯ ಲೆಕ್ಕ ಕೆಲವು ಕಡೆ ಬದಲಾಗುತ್ತಿದೆ. ನಿಮ್ಮ ದರಪಟ್ಟಿ ತೆಗೆದು ನೋಡಿ. ಕರಗಿಸುವ ಕೆಲಸದ ಸ್ವಲ್ಪ ಭಾಗ ಹಗಲಿಗೆ ತಂದರೆ ಲಾಭವಿದ್ದರೂ ಇರಬಹುದು.

15 ವರ್ಷದ ಕರಾರು ಕೆಟ್ಟ ಯೋಚನೆಯಲ್ಲ. ನೀತಿ ಏನೇ ಆಗಲಿ, ಬಿಲ್ಲಿನ ಒಂದು ಭಾಗ ಗೊತ್ತಿರುತ್ತದೆ. ಬ್ಯಾಂಕಿನವರೂ ಮೆಚ್ಚುತ್ತಾರೆ. ಆದರೆ ಪೂರ್ತಿ ಬಳಕೆಗೆ ಕರಾರು ಮಾಡಿಕೊಳ್ಳಬೇಡಿ. ಆರ್ಡರ್ ಕಡಿಮೆಯಾಗಿ ಫರ್ನೇಸ್ ನಿಂತಾಗಲೂ ‘ತೆಗೆದುಕೊಳ್ಳದಿದ್ದರೂ ಹಣ ಕೊಡಬೇಕು’ ಅನ್ನುವ ಷರತ್ತು ಬಿಡುವುದಿಲ್ಲ. ನನ್ನ ಹತ್ತಿರ ಬಂದ ಒಬ್ಬ ಮಾಲೀಕರು 90 ಶೇಕಡಾಗೆ ಸಹಿ ಹಾಕಿಬಿಟ್ಟಿದ್ದರು. ಎರಡನೇ ವರ್ಷ ದೊಡ್ಡ ಗ್ರಾಹಕರೊಬ್ಬರು ಕೈಬಿಟ್ಟರು. ಬಳಸದ ಕರೆಂಟಿಗೆ ಹಣ ಕಟ್ಟಿ ಕಟ್ಟಿ ಅವರು ಸೋತು ಹೋದರು. ಆ ಮುಖ ನನಗೆ ಇನ್ನೂ ನೆನಪಿದೆ. ನಿಮ್ಮ ಕಳೆದ ಐದು ವರ್ಷದಲ್ಲಿ ಅತಿ ಕೆಟ್ಟ ತಿಂಗಳು ಯಾವುದು ನೋಡಿ. ಆ ತಿಂಗಳ ಬಳಕೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚಿಗೆ ಬದ್ಧರಾಗಬೇಡಿ.

ಮಾರುವವರ ಗಟ್ಟಿತನವನ್ನೂ ನೋಡಿ. ಬ್ರಿಟನ್‌ನಲ್ಲಿ 2021ರಲ್ಲಿ ಗ್ಯಾಸ್ ದರ ಏರಿದಾಗ ಇಪ್ಪತ್ತೈದಕ್ಕೂ ಹೆಚ್ಚು ಇಂಧನ ಮಾರಾಟ ಕಂಪನಿಗಳು ಮುಳುಗಿದವು. ಮುಂಚಿತವಾಗಿ ಸಗಟು ಖರೀದಿ ಮಾಡಿಡದೆ ಗ್ರಾಹಕರಿಗೆ ಸ್ಥಿರ ದರ ಕೊಟ್ಟವರೇ ಅವರಲ್ಲಿ ಬಹಳ. ತೀರಾ ಅಗ್ಗದ ಸ್ಥಿರ ದರ ಯಾರಾದರೂ ಕೊಟ್ಟರೆ, ಅದನ್ನು ಅವರು ಎಲ್ಲಿಂದ ತರುತ್ತಾರೆ ಅಂತ ಕೇಳುವುದು ನಿಮ್ಮ ಹಕ್ಕು.

ಗ್ಯಾಸ್ ಕುಲುಮೆಯನ್ನು ಕಿತ್ತುಹಾಕುವ ಯೋಚನೆ ಸದ್ಯಕ್ಕೆ ಬಿಡಿ. ಸಾಲ ಇನ್ನೂ ಇದೆ, ಯಂತ್ರ ಚೆನ್ನಾಗಿದೆ. ಬರ್ನರ್‌ಗಳನ್ನು ಎರಡು ಇಂಧನಕ್ಕೆ ಒಗ್ಗುವಂತೆ ಬದಲಿಸಲು ಸಾಧ್ಯವಾ ಎಂದು ಕುಲುಮೆ ಮಾಡಿದವರನ್ನು ಕೇಳಿ. ಇನ್ನೊಂದು ಇಂಧನ ಇಡಲು ಟ್ಯಾಂಕ್, ಅನುಮತಿ, ಬೆಂಕಿಯ ಸುರಕ್ಷತೆ ಅಂತ ಖರ್ಚಿದೆ. ಆದರೆ ಗ್ಯಾಸ್ ಮಾರುವವರ ಮುಂದೆ ಮಾತಾಡುವಾಗ ‘ನನಗೆ ಬೇರೆ ದಾರಿ ಇದೆ’ ಅನ್ನುವುದು ದೊಡ್ಡ ಬಲ. ವಿದ್ಯುತ್ ಕುಲುಮೆಯ ಮಾತು ಈಗಿರುವುದರ ಒಳಗಿನ ಇಟ್ಟಿಗೆ ಬದಲಿಸುವ ಕಾಲ ಬಂದಾಗ ಬರಲಿ.

ಕಾಯುವುದು ಒಳ್ಳೆಯದಾ ಎಂದು ಕೇಳಿದ್ದೀರಿ. ದೊಡ್ಡ ಹೂಡಿಕೆಗೆ ಆರು ತಿಂಗಳು ಕಾದರೆ ತಪ್ಪಿಲ್ಲ. ಆದರೆ ಯಾವ ಸರ್ಕಾರ ಬಂದರೂ ಲಾಭ ಕೊಡುವ ಕೆಲಸಗಳಿಗೆ ಒಂದು ವಾರವೂ ಕಾಯಬೇಡಿ. ನಿಮ್ಮ ಫರ್ನೇಸ್ ಟನ್‌ಗೆ ಎಷ್ಟು ಯೂನಿಟ್ ತಿನ್ನುತ್ತಿದೆ ಅಂತ ಪತ್ರದಲ್ಲಿ ಬರೆದಿಲ್ಲ. ಬಹುಶಃ ಅಳೆದಿಲ್ಲ. ನಾನು ಹೋದ ಎಷ್ಟೋ ಫೌಂಡ್ರಿಗಳಲ್ಲಿ 750 ದಾಟಿತ್ತು. 600ಕ್ಕೆ ಹೋಲಿಸಿದರೆ ಟನ್‌ಗೆ 150 ಯೂನಿಟ್ ನಷ್ಟ. ನಿಮ್ಮ 10 ಟನ್‌ಗೆ ದಿನಕ್ಕೆ 1,500 ಯೂನಿಟ್. ವರ್ಷಕ್ಕೆ 300 ದಿನ ಅಂದರೆ ನಾಲ್ಕೂವರೆ ಲಕ್ಷ ಯೂನಿಟ್. ಯಾವ ಸಬ್ಸಿಡಿ ಇಷ್ಟು ಕೊಡುತ್ತದೆ ಹೇಳಿ.

ಕಾರಣಗಳು ಯಾವಾಗಲೂ ಹೆಚ್ಚುಕಡಿಮೆ ಅವೇ. ಫರ್ನೇಸ್ ಮುಚ್ಚಳ ತೆರೆದೇ ಇರುತ್ತದೆ. ಅಚ್ಚು ಸಿದ್ಧವಿಲ್ಲದೆ ಕರಗಿದ ಲೋಹ ಕಾಯುತ್ತಾ ಕೂರುತ್ತದೆ. ಗುಜರಿಗೆ ಮರಳು, ತುಕ್ಕು ಅಂಟಿರುತ್ತದೆ, ಅದನ್ನೂ ಸೇರಿಸಿ ಕಾಯಿಸುತ್ತಾರೆ. ‘ಇರಲಿ’ ಅಂತ ಬೇಕಾದ್ದಕ್ಕಿಂತ 50 ಡಿಗ್ರಿ ಜಾಸ್ತಿ ಬಿಸಿ ಮಾಡುತ್ತಾರೆ. ಕಂಪ್ರೆಸರ್ ಲೈನ್‌ನಲ್ಲಿ ಸೋರಿಕೆ ಇರುತ್ತದೆ. ನಿಗಾ ಇಲ್ಲದ ಕಾರ್ಖಾನೆಗಳಲ್ಲಿ ತಯಾರಾದ ಗಾಳಿಯಲ್ಲಿ 20ರಿಂದ 30 ಶೇಕಡಾ ಹೀಗೆ ಸೋರಿಹೋಗುವುದು ಮಾಮೂಲು. ಧೂಳು ಎಳೆಯುವ ದೊಡ್ಡ ಫ್ಯಾನ್‌ನ ವೇಗ 20 ಶೇಕಡಾ ಇಳಿಸಿದರೆ ಅದು ತಿನ್ನುವ ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಧೂಳು ಎಳೆಯುವ ಬಲ ಸಾಕಾಗುತ್ತದಾ ಅಂತ ಮಾತ್ರ ನೋಡಿಕೊಳ್ಳಿ. ಕೆಲಸಗಾರರ ಶ್ವಾಸಕೋಶದ ಮೇಲೆ ಉಳಿತಾಯ ಮಾಡಬಾರದು.

ಸಂಘದ ಮನವಿಗೆ ಈಗ ಇರುವ ಹಾಗೇ ಸಹಿ ಹಾಕಬೇಡಿ. ಮುಂದಿನ ಸಭೆಗೆ ಹೋಗಿ ಮೂರು ಸಾಲು ಸೇರಿಸಲು ಕೇಳಿ: ಆಗಲೇ ಹೂಡಿದವರಿಗೆ ಹಳೆಯ ನಿಯಮ ಮುಂದುವರಿಯಬೇಕು, ದರ ಬದಲಾಗುವುದಿದ್ದರೆ ಕನಿಷ್ಠ ಎರಡು ವರ್ಷ ಮುಂಚೆ ತಿಳಿಸಬೇಕು, ಒಳಗಿನ ಗ್ಯಾಸ್‌ನಲ್ಲಿ ಒಂದು ಪಾಲು ಒಳಗಿನ ಕಾರ್ಖಾನೆಗಳಿಗೆ ಸಿಗಬೇಕು. ಮೂರನೆಯದಕ್ಕೆ ಗ್ಯಾಸ್ ತೆಗೆಯುವವರು ಒಪ್ಪುವುದಿಲ್ಲ. ಹಾಗೆ ಮೀಸಲಿಟ್ಟರೆ ಹೊಸ ಬಾವಿಗೆ ಹೂಡಿಕೆ ಕಡಿಮೆಯಾಗುತ್ತದೆ ಅನ್ನುವ ಅವರ ವಾದದಲ್ಲೂ ಸತ್ಯವಿದೆ. ಆ ಚರ್ಚೆ ಸಭೆಯಲ್ಲೇ, ಎಲ್ಲರ ಮುಂದೆ ಆಗಲಿ.

15 ವರ್ಷದ ಕರಾರಿನ ಕರಡನ್ನು ಮತ್ತೆ ತೆಗೆದು ‘ಕಾನೂನು ಬದಲಾದರೆ’ ಅನ್ನುವ ಷರತ್ತನ್ನು ಹುಡುಕಿ. ಹೊಸ ತೆರಿಗೆ, ಹೊಸ ಗ್ರಿಡ್ ಶುಲ್ಕ ಬಂದರೆ ಯಾರು ಕಟ್ಟಬೇಕು ಅಂತ ಅಲ್ಲಿ ಬರೆದಿರುತ್ತದೆ. ಪೂರ್ತಿ ನಿಮ್ಮ ತಲೆಗೇ ಕಟ್ಟಿದ್ದರೆ, ಅರ್ಧ ಅವರು ಹೊರಬೇಕು, ಒಂದು ಮಿತಿ ದಾಟಿದರೆ ನಾನು ದಂಡವಿಲ್ಲದೆ ಹೊರಬರಬೇಕು ಎಂದು ಬರೆಸಿ. ಅದಕ್ಕೆ ಅವರು ಒಪ್ಪಿದ ಮೇಲೆ ದರದ ಮಾತಿಗೆ ಕುಳಿತುಕೊಳ್ಳಿ.